ಬಟ್ಟೆಯಿಲ್ಲದ ಕೊಡೆಗೆ ಸುಂಕ

ನಮ್ಮ ದೊಡ್ಡಮ್ಮ ನಲವತ್ತೊಂದು ವರ್ಷ ಕೊಡೆಗೆ ಬಟ್ಟೆ ಕತ್ತರಿಸಿದಳು. ಒಂದು ಕೊಡೆಗೆ ಎಂಟು ಹೋಳು. ವರ್ಷಕ್ಕೆ ಒಂಬತ್ತು ಸಾವಿರ ಕೊಡೆ ಎಂದು ಹಿಡಿದರೆ ಇಪ್ಪತ್ತೊಂಬತ್ತು ಲಕ್ಷ ಹೋಳು ದಾಟುತ್ತದೆ. ಈ ಗುಣಾಕಾರ ಮಾಡಿ ಹೇಳಿದಾಗ ಅವಳು ಬಲಗೈ ಹೆಬ್ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, "ಇದಕ್ಕೆ ನಿನಗಿಂತ ಮೊದಲೇ ಗೊತ್ತಿತ್ತು" ಎಂದಳು. ಬೆರಳಿನ ಗಿಣ್ಣು ಒಂದು ಪಕ್ಕಕ್ಕೆ ವಾಲಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಅವಳ ಕಾರ್ಖಾನೆ ಎಂದರೆ ಬೀದಿಗೆ ಮುಖ ಮಾಡಿದ ಒಂದು ಅಂಗಡಿ, ಅದರ ಹಿಂದೆ ಎರಡು ಉದ್ದನೆಯ ಕೋಣೆ. ಮೊದಲ ಕೋಣೆಯಲ್ಲಿ ತಗಡು ಹೊದಿಸಿದ ಮೇಜು, ಅದರ ಮೇಲೆ ಬಟ್ಟೆಯ ಥಾನು. ಎರಡನೆಯ ಕೋಣೆಯ ತೊಲೆಗಳಿಗೆ ಕಟ್ಟಿದ ಹಗ್ಗಗಳಲ್ಲಿ ಬಟ್ಟೆ ಹಾಕದ ಫ್ರೇಮುಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು. ಅವಳನ್ನೂ ಸೇರಿಸಿ ಹದಿನಾರು ಜನ. ಕಡ್ಡಿಗಳನ್ನು ಕೋಲಿಗೆ ಜೋಡಿಸಿ ಫ್ರೇಮು ಕಟ್ಟುವವರ ಮುಖ್ಯಸ್ಥನಿಗೆ ಎಲ್ಲರೂ ಮೌನಿ ಎನ್ನುತ್ತಿದ್ದರು. ಬೆಳಗ್ಗೆ ಬಾಗಿಲು ತೆರೆದಾಗ ಶುರುವಾದ ಅವನ ಮಾತು ಸಂಜೆ ಬೀಗ ಹಾಕುವವರೆಗೆ ನಿಲ್ಲುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಹೊಲಿದ ಬಟ್ಟೆಯನ್ನು ಕಡ್ಡಿಗಳ ತುದಿಗೆ ಸೂಜಿಯಿಂದ ಬಿಗಿಯುವ ಹೆಂಗಸರಲ್ಲಿ ಹಿರಿಯಳು ಅಂಚಿನಕ್ಕ. ಇಪ್ಪತ್ತಾರು ವರ್ಷ ಅದೇ ಕಿಟಕಿಯ ಪಕ್ಕ ಅದೇ ಮಣೆಯ ಮೇಲೆ ಕೂತವಳು.

ಕೊಡೆಯ ಹೋಳು ತ್ರಿಕೋನ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದರ ಎರಡು ಪಕ್ಕಗಳು ನೇರ ಗೆರೆಗಳಲ್ಲ, ನಡುವೆ ಹೊರಕ್ಕೆ ಸ್ವಲ್ಪ ಉಬ್ಬಿರುತ್ತವೆ. ನಾನು ಸ್ಕೇಲು ಇಟ್ಟು ಅಳೆದಿದ್ದೇನೆ. ದೊಡ್ಡಮ್ಮನ ಅಚ್ಚಿನಲ್ಲಿ ಹತ್ತಿ ಬಟ್ಟೆಗೆ ಆರು ಮಿಲಿಮೀಟರು, ನೈಲಾನಿಗೆ ನಾಲ್ಕು. ಉಬ್ಬು ಕಡಿಮೆಯಾದರೆ ಬಟ್ಟೆ ಅತಿಯಾಗಿ ಬಿಗಿದು ಹೊಲಿಗೆ ಬಾಯಿ ಬಿಡುತ್ತದೆ. ಹೆಚ್ಚಾದರೆ ಬಟ್ಟೆ ಜೋತುಬಿದ್ದು ನೀರು ನಿಲ್ಲುತ್ತದೆ, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಪ್ರತಿ ಹೊಸ ಥಾನು ಬಂದಾಗಲೂ ದೊಡ್ಡಮ್ಮ ಒಂದು ಮೂಲೆಯನ್ನು ಓರೆಯಾಗಿ ಎಳೆದು ನೋಡಿ, ಏಳು ಮರದ ಅಚ್ಚುಗಳಲ್ಲಿ ಒಂದನ್ನು ಆರಿಸುತ್ತಿದ್ದಳು. ಕೊಡೆ ತಯಾರಾದ ಮೇಲೆ ಬಿಚ್ಚಿ, ಬಟ್ಟೆಗೆ ಬೆರಳಿನಿಂದ ಒಂದು ಚಿಟಿಕೆ ಹೊಡೆಯುತ್ತಿದ್ದಳು. ಸದ್ದು ಮೆಚ್ಚಿಗೆಯಾಗದಿದ್ದರೆ ಅಂಚಿನಕ್ಕನ ಮಡಿಲಿಗೆ ವಾಪಸ್ಸು. ಗಂಡ ತೀರಿಕೊಂಡ ವರ್ಷವೂ ಅವಳು ಹದಿಮೂರನೆಯ ದಿನಕ್ಕೆ ಮೇಜಿನ ಮುಂದೆ ನಿಂತಿದ್ದಳು. "ಅಳೋದಕ್ಕೆ ಮನೆ ಇದೆ, ಕತ್ತರಿಸೋದಕ್ಕೆ ಇಲ್ಲಿಗೇ ಬರಬೇಕು" ಎಂದಿದ್ದಳಂತೆ.

ಇಂಥ ಹೆಂಗಸಿನ ಕೆಲಸವನ್ನು ಮುರಿದದ್ದು ಯಾವ ಪೈಪೋಟಿಯೂ ಅಲ್ಲ. ಮುರಿದದ್ದು ಸುಂಕದ ಪಟ್ಟಿಯ ಎರಡು ಸಾಲುಗಳು. ಅವು ಹೇಗೆ ಬಂದವು ಎಂಬುದನ್ನು ಕ್ರಮವಾಗಿ ಹೇಳಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.

ಕೊಡೆಯ ಕಡ್ಡಿ ಬರಿಯ ತಂತಿಯಲ್ಲ. ತೆಳು ಉಕ್ಕಿನ ಪಟ್ಟಿಯನ್ನು ಪುಟ್ಟ ಕಾಲುವೆಯ ಹಾಗೆ ಮಡಚಿ ಮಾಡಿದ್ದು. ಹಿಂದೆ ನಮ್ಮಲ್ಲೇ ಒಂದು ಕಡ್ಡಿ ಕಾರ್ಖಾನೆ ಇತ್ತು. ಅದಕ್ಕೆ ಬೇಕಾದ ಉಕ್ಕಿನ ಪಟ್ಟಿ ಹೊರದೇಶದಿಂದ ಬರಬೇಕಿತ್ತು. ಪಟ್ಟಿಗೆ ಸುಂಕ ಹಾಕಿದರು. ಮಡಚಿದ ಕಡ್ಡಿಗೆ ಹಾಕಲಿಲ್ಲ. ಹೀಗಾಗಿ ಪಟ್ಟಿ ತಂದು ಮಡಚುವುದಕ್ಕಿಂತ ಮಡಚಿದ್ದನ್ನೇ ತರುವುದು ಅಗ್ಗವಾಯಿತು. ನಾಲ್ಕು ವರ್ಷದಲ್ಲಿ ಕಡ್ಡಿ ಕಾರ್ಖಾನೆ ಬಾಗಿಲು ಹಾಕಿತು. ದೊಡ್ಡಮ್ಮನಂಥವರು ಹೊರಗಿನ ಕಡ್ಡಿಯನ್ನೇ ತರಿಸತೊಡಗಿದರು.

ಅದಾದ ಆರು ವರ್ಷಕ್ಕೆ ಒಂದು ಸಮಿತಿ ಕೂತಿತು. ದೇಶದ ಕಡ್ಡಿ ಉದ್ಯಮವನ್ನು ರಕ್ಷಿಸಬೇಕೆಂದು ಅದು ಕಡ್ಡಿಗೆ ನೂರಕ್ಕೆ ಇಪ್ಪತ್ತೆರಡು ಸುಂಕ ವಿಧಿಸಿತು. ಆ ಹೊತ್ತಿಗೆ ದೇಶದಲ್ಲಿ ಕಡ್ಡಿ ಉದ್ಯಮವೇ ಇರಲಿಲ್ಲ. ಸಮಿತಿಯ ಮುಂದಿದ್ದ ಸಮೀಕ್ಷೆ ಹನ್ನೊಂದು ವರ್ಷ ಹಳೆಯದು, ಅದರಲ್ಲಿ ಕಾರ್ಖಾನೆ ಇನ್ನೂ ಹೊಗೆ ಬಿಡುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತಿದೆ. ಇವರು ಬಾಗಿಲು ಹಾಕಿದ್ದಷ್ಟೇ ಅಲ್ಲ, ಬಾಗಿಲು ಕಾಯುವ ಖರ್ಚನ್ನೂ ದಾರಿಹೋಕರಿಂದ ವಸೂಲು ಮಾಡಿದರು.

ಮುಂದಿನ ವರ್ಷ ಮುಕ್ತ ವ್ಯಾಪಾರದ ಒಪ್ಪಂದವಾಯಿತು. ಅದರ ಪ್ರಕಾರ ಸಿದ್ಧವಾದ ಕೊಡೆಗೆ ಸುಂಕ ಸೊನ್ನೆ. ಕೊಡೆಯ ಬಿಡಿಭಾಗಗಳು ಒಪ್ಪಂದಕ್ಕೆ ಸೇರಲಿಲ್ಲ, ಅವಕ್ಕೆ ಹಳೆಯ ಇಪ್ಪತ್ತೆರಡೇ ಉಳಿಯಿತು. ಸುಂಕದ ಪಟ್ಟಿಯಲ್ಲಿ ಪಕ್ಕಪಕ್ಕದ ಎರಡು ಸಾಲು. ಒಂದನ್ನು ಬರೆದವರು ಇನ್ನೊಂದನ್ನು ಓದಲಿಲ್ಲ. ಫಲ ಏನೆಂದರೆ, ದೊಡ್ಡಮ್ಮ ತರಿಸುವ ಒಂದು ಕೊಡೆಯ ಒಳ್ಳೆಯ ಕಡ್ಡಿ ಸುಂಕ ಕಟ್ಟಿದ ಮೇಲೆ ಬಟ್ಟೆ, ಹಿಡಿಕೆ, ಹೊಲಿಗೆ ಸಮೇತ ಬಂದಿಳಿಯುವ ಹೊರಗಿನ ಕೊಡೆಗಿಂತ ದುಬಾರಿಯಾಯಿತು. ಅವಳ ಬಟ್ಟೆ, ಅವಳ ದಾರ, ಹದಿನಾರು ಜನರ ಕೆಲಸ ಇವೆಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಅದಕ್ಕೆ ಮೊದಲೇ ಅವಳು ಸೋತಿದ್ದಳು.

ಮೌನಿ ಒಂದು ದಿನ ಫ್ರೇಮಿಗೆ ತಂತಿ ಸುತ್ತುತ್ತ ಹೇಳಿದ: "ಅಕ್ಕ, ಒಂದು ಮಾತು ಹೇಳ್ತೀನಿ, ನಗಬೇಡಿ. ಹೊರಗಿನ ಕೊಡೆ ಪೂರ್ತಿಯಾಗಿ ತರಿಸೋಣ. ಬಟ್ಟೆ ಬಿಚ್ಚಿ ಬಿಸಾಕೋಣ. ಕಡ್ಡಿ ಉಳಿಯುತ್ತಲ್ಲ, ಅದಕ್ಕೆ ನಮ್ಮ ಬಟ್ಟೆ ಹಾಕೋಣ. ಅದೇ ಅಗ್ಗ."

"ನಿನಗೆ ಮಾತು ಹೆಚ್ಚಾಗಿ ತಲೆ ಕೆಟ್ಟಿದೆ" ಎಂದಳು ದೊಡ್ಡಮ್ಮ.

"ಕೆಟ್ಟಿರೋದು ನನ್ನ ತಲೆ ಅಲ್ಲ ಅಕ್ಕ. ನೀವೇ ಲೆಕ್ಕ ಹಾಕಿ."

ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತಗಡಿನ ಮೇಲೇ ಲೆಕ್ಕ ಹಾಕಿದಳು. ಅಳಿಸಿ ಮತ್ತೊಮ್ಮೆ ಹಾಕಿದಳು. ಮೌನಿ ಹೇಳಿದ್ದು ಸರಿಯಾಗಿತ್ತು.

ಹಾಗೆ ಎರಡು ತಿಂಗಳು ಆ ಕಾರ್ಖಾನೆಯಲ್ಲಿ ನಾಲ್ಕು ಹೆಂಗಸರು ಬ್ಲೇಡು ಹಿಡಿದು, ಹೊಚ್ಚಹೊಸ ಕೊಡೆಗಳ ಹೊಲಿಗೆ ಬಿಚ್ಚುತ್ತ ಕೂತರು. ಬಿಚ್ಚಿದ ಬಟ್ಟೆ ಮೂಲೆಯಲ್ಲಿ ಎದೆಯೆತ್ತರಕ್ಕೆ ಬೆಳೆಯಿತು. ಒಂದು ದೇಶದ ಬುದ್ಧಿವಂತರು ಸೇರಿ ಬರೆದ ನಿಯಮ ಕೊನೆಗೆ ತಂದಿಟ್ಟ ಕೆಲಸ ಇದು: ಮಾಡಿದ್ದನ್ನು ಕೆಡಿಸುವುದು, ಕೆಡಿಸಿದ್ದನ್ನು ಮತ್ತೆ ಮಾಡುವುದು. ಇದಕ್ಕೆ ಯಾವ ಕಚೇರಿಯಲ್ಲೂ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ.

ದೊಡ್ಡಮ್ಮ ಬಿಚ್ಚಿದ ಬಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಪಕ್ಕದಲ್ಲಿದ್ದೆ.

"ಹೊಲಿದ ಕೈ ಒಳ್ಳೇದಿದೆ ನೋಡು. ಒಂದು ಹೊಲಿಗೆ ಸೊಟ್ಟ ಹೋಗಿಲ್ಲ. ಕತ್ತರಿಸಿದವನು ಮಾತ್ರ ಬುದ್ಧಿಗೇಡಿ, ಯಾವ ಫ್ರೇಮಿಗಾದರೂ ಆಗಲಿ ಅಂತ ಸಡಿಲ ಬಿಟ್ಟಿದ್ದಾನೆ." ನಾನು ಉಬ್ಬು ಅಳೆದೆ, ಹತ್ತು ಮಿಲಿಮೀಟರಿತ್ತು. "ಅಲ್ಲಿ ಯಾವಳೋ ಕೂತು ಕಣ್ಣು ಸವೆಸಿಕೊಂಡು ಹೊಲಿದಿದ್ದಾಳೆ. ಇಲ್ಲಿ ನಾವು ಕೂತು ಬಿಚ್ಚುತಾ ಇದ್ದೀವಿ. ಅವಳಿಗೆ ಗೊತ್ತಾದರೆ ನಮಗೆ ಶಾಪ ಹಾಕ್ತಾಳೆ. ಹಾಕಲಿ, ತಪ್ಪಿಲ್ಲ."

ಆ ಉಪಾಯವೂ ಉಳಿಯಲಿಲ್ಲ. ಅಗ್ಗದ ಕೊಡೆಯ ಕಡ್ಡಿ ತೆಳುವಾದದ್ದು. ದೊಡ್ಡಮ್ಮನ ಬಿಗಿ ಬಟ್ಟೆ ಅದನ್ನು ಬಾಗಿಸಿಬಿಟ್ಟಿತು. ಜೋರು ಗಾಳಿಗೆ ಕೊಡೆ ಹೂವಿನ ಹಾಗೆ ಮೇಲಕ್ಕೆ ಅರಳಿಕೊಳ್ಳುತ್ತಿತ್ತು. ಗಿರಾಕಿಗಳು ಅಂಗಡಿಗೆ ಬಂದು, "ಏನಮ್ಮ, ಇಷ್ಟು ವರ್ಷ ಆದಮೇಲೆ ನೀವೂ ಛತ್ರಿ ಕೆಲಸ ಶುರು ಮಾಡಿದ್ರಾ?" ಎಂದರು. ಅವಳು ನಲವತ್ತಮೂರು ಕೊಡೆಗಳನ್ನು ಮಾತಿಲ್ಲದೆ ಬದಲಾಯಿಸಿ ಕೊಟ್ಟಳು. ಬಿಚ್ಚುವ ಕೆಲಸ ಅಂದೇ ನಿಂತಿತು.

ಆಗ ಸಿಕ್ಕಿದವನು ಸುಂಕದ ವ್ಯವಹಾರಗಳ ವಕೀಲ. ಅಚ್ಚುಕಟ್ಟಾದ ಮನುಷ್ಯ, ಎರಡು ಪೆನ್ನು ಇಟ್ಟುಕೊಂಡು ಒಂದರಲ್ಲಷ್ಟೇ ಬರೆಯುವವನು. ಅವನು ನಿಯಮದ ಪುಸ್ತಕದಲ್ಲಿ ಒಂದು ಕಿಂಡಿ ತೋರಿಸಿದ. ಒಂದು ವಸ್ತು ಪೂರ್ತಿ ಸಿದ್ಧವಾಗಿರದಿದ್ದರೂ, ಸಿದ್ಧ ವಸ್ತುವಿನ ಮುಖ್ಯ ಲಕ್ಷಣ ಅದರಲ್ಲಿದ್ದರೆ, ಅದನ್ನು ಸಿದ್ಧ ವಸ್ತು ಎಂದೇ ಎಣಿಸಬೇಕು.

"ಕಡ್ಡಿ ಬಿಡಿಬಿಡಿಯಾಗಿ ತರಿಸಬೇಡಿ" ಎಂದ ವಕೀಲ. "ಕೋಲು, ಕಡ್ಡಿ, ಸ್ಪ್ರಿಂಗು ಎಲ್ಲ ಜೋಡಿಸಿದ ಫ್ರೇಮನ್ನೇ ತರಿಸಿ. ಅದು ಬಿಡಿಭಾಗ ಅಲ್ಲ, ಅಪೂರ್ಣ ಕೊಡೆ. ಅಪೂರ್ಣ ಕೊಡೆ ಅಂದರೆ ಕೊಡೆ. ಕೊಡೆ ಅಂದರೆ ಸೊನ್ನೆ."

"ಹಾಗಾದರೆ ನಾನು?" ಎಂದ ಮೌನಿ. ಫ್ರೇಮು ಜೋಡಿಸುವುದೇ ಅವನ ಕೆಲಸವಾಗಿತ್ತು.

ದೊಡ್ಡಮ್ಮ ಅವನ ಕಡೆ ನೋಡಿದಳು. "ನೀನು ನನ್ನ ಪಕ್ಕ ನಿಂತು ಕತ್ತರಿಸೋದು ಕಲಿ. ಬಾಯಿ ಮುಚ್ಚಿಕೊಂಡು ಕಲಿಯೋದಾದರೆ ಒಂದು ವರ್ಷ, ಇಲ್ಲದಿದ್ದರೆ ಮೂರು."

ಎರಡು ಸಾವಿರ ಫ್ರೇಮು ತರಿಸಿದಳು. ಕೈಯಲ್ಲಿದ್ದದ್ದನ್ನೆಲ್ಲ ಅದರ ಮೇಲೆ ಹಾಕಿದ್ದಳು. ಸರಕು ಬಂದು ಸುಂಕದ ಗೋದಾಮಿನಲ್ಲಿ ನಿಂತಿತು. ಇದು ಕೊಡೆಯೋ ಬಿಡಿಭಾಗವೋ ಎಂದು ಅಧಿಕಾರಿ ತೀರ್ಮಾನಿಸಬೇಕಿತ್ತು. ಕೊಡೆ ಎಂದರೆ ಹದಿನಾರು ಜನಕ್ಕೆ ಮುಂದಿನ ಮಳೆಗಾಲವೂ ಅದರ ಮುಂದಿನದೂ ಕೆಲಸ. ಬಿಡಿಭಾಗ ಎಂದರೆ ಇಪ್ಪತ್ತೆರಡು, ಅಂದರೆ ಮಾಡಿದ ಪ್ರತಿ ಕೊಡೆಯೂ ನಷ್ಟ. ವಿಚಾರಣೆಯ ದಿನ ಗೊತ್ತಾಯಿತು.

ಹಿಂದಿನ ದಿನ ವಕೀಲ ದೊಡ್ಡಮ್ಮನಿಗೆ ಪಾಠ ಹೇಳಿದ. "ವಾದ ನಾನು ಮಾಡ್ತೀನಿ. ನಿಮ್ಮನ್ನ ಅವರು ಕೇಳೋದು ಒಂದೇ ಪ್ರಶ್ನೆ, ಇದು ಕೊಡೆ ಹೌದಾ ಅಂತ. ಹೌದು ಅನ್ನಿ. ಅಲ್ಲಿಗೆ ಮುಗೀತು. ಮುಂದಕ್ಕೆ ಒಂದು ಅಕ್ಷರ ಬೇಡ."

"ಸುಂಕದವರ ಹತ್ತಿರ ಸುಖದುಃಖ ಹೇಳಿಕೊಳ್ಳಬಾರದು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ ಅಕ್ಕ" ಎಂದ ಮೌನಿ.

"ಬಾಯಿ ಮುಚ್ಚೋ ಪಾಠ ನಿನ್ನಿಂದ ಕಲಿಯಬೇಕಾ?"

ಅಂಚಿನಕ್ಕ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತದೆ ಹೇಳಿದಳು: "ಹೌದು ಅನ್ನೋದು ಮದುವೆಗಿಂತ ಸುಲಭ ಬಿಡಿ ಅಕ್ಕ. ಅಲ್ಲಿ ಅಂದು ಜೀವಮಾನ ಅನುಭವಿಸಿದ್ದೀವಿ." ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು.

ಸುಂಕದ ಕಚೇರಿ ನಾಲ್ಕನೆಯ ಮಹಡಿಯಲ್ಲಿತ್ತು. ಮಾದರಿಗೆಂದು ಗೋದಾಮಿನಿಂದ ಬಿಡಿಸಿದ ಒಂದು ಫ್ರೇಮನ್ನು ನಾನು ಹೊತ್ತುಕೊಂಡು ಹೋಗಿದ್ದೆ. ಕೋಣೆಯಲ್ಲಿ ಕಬ್ಬಿಣದ ಎರಡು ಬೀರು, ದಾರ ಕಟ್ಟಿದ ಕಡತಗಳು, ಮುಚ್ಚಿದರೆ ನಿಲ್ಲದ ಕಿಟಕಿಯ ಕೊಂಡಿಗೆ ಬಿಗಿದ ತಂತಿ. ಅಧಿಕಾರಿ ದರ್ಪದವನಲ್ಲ. ನಮಗೆಲ್ಲ ಕುರ್ಚಿ ತರಿಸಿದ, ದೊಡ್ಡಮ್ಮನಿಗೆ ಫ್ಯಾನಿನ ಕೆಳಗಿನ ಜಾಗ ಕೊಟ್ಟ. ನಾನು ಇದನ್ನು ಬರೆಯಲೇಬೇಕು, ಏಕೆಂದರೆ ಸಿಟ್ಟು ಆ ಮನುಷ್ಯನ ಮೇಲೆ ಹೋಗಬಾರದು. ಅವನು ಹೋದರೆ ಅದೇ ಪಟ್ಟಿ ಹಿಡಿದು ಇನ್ನೊಬ್ಬ ಕೂರುತ್ತಾನೆ.

ವಕೀಲ ಚೆನ್ನಾಗಿ ವಾದಿಸಿದ. ಫ್ರೇಮನ್ನು ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದ. ಎಂಟು ಕಡ್ಡಿಗಳು ಎಂಟು ದಿಕ್ಕಿಗೆ ಚಾಚಿಕೊಂಡವು. "ಕೋಲು ಇದೆ. ಕಡ್ಡಿ ಇದೆ. ಬಿಚ್ಚುತ್ತದೆ, ಮುಚ್ಚುತ್ತದೆ. ದಾರಿಯಲ್ಲಿ ಹೋಗುವ ಮಗುವನ್ನು ಕರೆದು ತೋರಿಸಿದರೂ ಕೊಡೆ ಎನ್ನುತ್ತದೆ. ಇನ್ನು ಉಳಿದದ್ದು ಮೇಲೆ ಹೊದಿಸುವ ಒಂದು ತುಂಡು ಬಟ್ಟೆ. ಅದು ಯಾರ ಕೈಯಲ್ಲಾದರೂ ಆಗುವ ಕೆಲಸ, ಅಲಂಕಾರಕ್ಕೆ ಸಮಾನ."

ದೊಡ್ಡಮ್ಮನ ಹೆಬ್ಬೆರಳು ಮಡಿಲಲ್ಲಿ ಅಲುಗಿತು.

ಅಧಿಕಾರಿ ಕಡ್ಡಿಯೊಂದನ್ನು ಮುಟ್ಟಿ ನೋಡಿದ, ತಲೆದೂಗಿದ. ಕಾಗದದ ಮೇಲೆ ಎರಡು ಸಾಲು ಬರೆದ. ಅವನು ನಮ್ಮ ಕಡೆಗೆ ವಾಲಿದ್ದಾನೆ ಎಂಬುದು ಬರೆಯುವ ಕೈಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ವಿನಯದಿಂದ ಕೇಳಿದ: "ಅಮ್ಮ, ನೀವು ಇಷ್ಟು ವರ್ಷದಿಂದ ಇದೇ ಕೆಲಸದಲ್ಲಿದ್ದೀರಿ. ನಿಮ್ಮ ಬಾಯಿಂದ ಒಂದು ಮಾತು ಬರೆದುಕೊಳ್ಳಬೇಕು. ಮುಖ್ಯವಾದದ್ದೆಲ್ಲ ಇದರಲ್ಲೇ ಇದೆ, ಬಟ್ಟೆ ಅಂಥ ದೊಡ್ಡ ವಿಷಯ ಅಲ್ಲ. ಇದು ಕೊಡೆಯೇ. ಹೌದಲ್ಲವಾ?"

ದೊಡ್ಡಮ್ಮ ಫ್ರೇಮನ್ನು ನೋಡಿದಳು. ವಕೀಲ ಕೆಮ್ಮಿದ. ನಾನು ಅವಳ ಮುಖ ನೋಡಿದೆ, ಆಗಲೇ ಕೆಲಸ ಕೆಟ್ಟಿತೆಂದು ತಿಳಿಯಿತು. ಬೆರಳಿನ ಚಿಟಿಕೆಯ ಸದ್ದು ಸರಿಬರದಿದ್ದಾಗ ಅವಳ ಮುಖ ಹಾಗಾಗುತ್ತಿತ್ತು.

"ಅಲ್ಲ" ಎಂದಳು.

"ಅಲ್ಲ ಅಂದರೆ?"

"ಇದು ಕೊಡೆ ಅಲ್ಲ ಸ್ವಾಮಿ. ಫ್ರೇಮು. ಇದನ್ನ ಹಿಡಿದು ಮಳೇಲಿ ನಿಂತರೆ ನೀವು ನೆನೀತೀರಿ. ಬಟ್ಟೆ ದೊಡ್ಡ ವಿಷಯ ಅಲ್ಲ ಅಂದಿರಲ್ಲ, ಎಂಟು ಹೋಳು, ಒಂದೊಂದಕ್ಕೂ ಎರಡು ಪಕ್ಕ, ಹತ್ತಿ ಬಟ್ಟೆಯಾದರೆ ಒಂದೊಂದು ಪಕ್ಕಕ್ಕೂ ಆರು ಮಿಲಿಮೀಟರು ಉಬ್ಬು. ಏಳಾದರೆ ಜೋಲು ಬೀಳುತ್ತೆ, ಐದಾದರೆ ಹರಿಯುತ್ತೆ. ಅದು ಕೂತ ಮೇಲೆ ಕೊಡೆ. ಅಲ್ಲೀವರೆಗೆ ಕಬ್ಬಿಣ."

"ಅಮ್ಮ, ಸ್ವಲ್ಪ ಯೋಚನೆ ಮಾಡಿ…" ಎಂದ ವಕೀಲ.

"ಯೋಚನೆ ಮಾಡೇ ಹೇಳ್ತಾ ಇದ್ದೀನಿ. ಸ್ವಾಮಿ, ಕೊಡೆ ಆಗೋದು ನಮ್ಮ ಮೇಜಿನ ಮೇಲೆ. ಕೊಡೆ ಆಗಿ ಬಂದರೆ ಸುಂಕ ಇಲ್ಲ, ಇಲ್ಲಿ ಕೊಡೆ ಮಾಡ್ತೀವಿ ಅಂದರೆ ಇಪ್ಪತ್ತೆರಡು. ಹಾಗಿದ್ದಮೇಲೆ ನೀವು ಕಡ್ಡಿಗೆ ಸುಂಕ ಹಾಕಿಲ್ಲ. ನಮ್ಮ ಕೆಲಸಕ್ಕೆ ಹಾಕಿದ್ದೀರಿ."

ಅಧಿಕಾರಿ ಪೆನ್ನನ್ನು ಕೆಳಗಿಟ್ಟ. "ನೀವು ಹೇಳೋದು ಸರಿ ಇರಬಹುದಮ್ಮ. ಆದರೆ ನನ್ನ ಮುಂದಿರೋ ಪ್ರಶ್ನೆ ಅದಲ್ಲ." ಬರೆದಿದ್ದ ಎರಡು ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಹೊಸದಾಗಿ ಬರೆಯತೊಡಗಿದ.

ತೀರ್ಪು ಹತ್ತನೆಯ ದಿನ ಬಂತು. ಬಿಡಿಭಾಗ. ನೂರಕ್ಕೆ ಇಪ್ಪತ್ತೆರಡು. ಕಾರಣದ ಜಾಗದಲ್ಲಿ ದೊಡ್ಡಮ್ಮನ ಮಾತನ್ನೇ ಇಳಿಸಿದ್ದರು, ಆರು ಮಿಲಿಮೀಟರಿನ ಸಮೇತ. ಒಂದು ಸರ್ಕಾರಿ ಕಾಗದದಲ್ಲಿ ಅಷ್ಟು ನಿಖರವಾದ ಅಳತೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವಳ ಕೆಲಸದ ಬಗ್ಗೆ ಬರೆದ ಅತ್ಯಂತ ಸರಿಯಾದ ವಾಕ್ಯ ಅದು. ಅದರ ಕೆಳಗೆ ಅವಳಿಗೆ ಹಾಕಿದ ದಂಡದ ಮೊತ್ತವಿತ್ತು.

ದಂಡ ಎಂದು ಅವರು ಕರೆಯುವುದಿಲ್ಲ. ನಾನು ಕರೆಯುತ್ತೇನೆ. ನಿಜ ಹೇಳಿದ್ದಕ್ಕೆ ತೆತ್ತದ್ದನ್ನು ಇನ್ನೇನೆನ್ನಬೇಕು? ಹೊರದೇಶದ ಸರಕು ಬರಬಾರದೆಂದು ಅವಳು ಎಂದೂ ಹೇಳಿದವಳಲ್ಲ. ಅವಳ ಫ್ರೇಮೇ ಹೊರದೇಶದ್ದು. ತೆರಿಗೆ ಬೇಡವೆಂದೂ ಹೇಳಲಿಲ್ಲ. ಅಂಗಡಿಯ ತೆರಿಗೆಯನ್ನು ಅವಳು ವಾಯಿದೆಗೆ ಮೂರು ದಿನ ಮೊದಲೇ ಕಟ್ಟುತ್ತಿದ್ದಳು. ಅವಳು ಕೇಳಿದ್ದು ಇಷ್ಟೇ: ಅಲ್ಲಿ ಮಾಡಿದ್ದಕ್ಕೂ ಇಲ್ಲಿ ಮಾಡಿದ್ದಕ್ಕೂ ಒಂದೇ ಅಳತೆಗೋಲು ಇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯನನ್ನು ಊರಿನವರು ಮೂರನೇ ದಿನ ಓಡಿಸುತ್ತಾರೆ. ಈ ಪಟ್ಟಿ ಮಾತ್ರ ಹತ್ತು ವರ್ಷದಿಂದ ಹಾಗೇ ಕೂತಿದೆ.

ಎಲ್ಲರನ್ನೂ ಕೂರಿಸಿಕೊಂಡು ಅವಳೇ ಸುದ್ದಿ ಹೇಳಿದಳು. ಏನು ಕೇಳಿದರು, ತಾನು ಏನು ಹೇಳಿದೆ ಎಂಬುದನ್ನು ಒಂದು ಮಾತೂ ಬಿಡದೆ ಹೇಳಿದಳು. ಮೌನಿ ಅಂದು ನಿಜವಾಗಿಯೂ ಮೌನಿಯಾಗಿದ್ದ.

ಅಂಚಿನಕ್ಕ ಕೇಳಿದಳು: "ಹೌದು ಅಂದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ?"

"ನನ್ನ ಗಂಟು ಹೋಗ್ತಿರಲಿಲ್ಲ. ಈಗ ನಿಮ್ಮದು ಹೋಯ್ತು."

"ಗೊತ್ತಿದ್ದೂ ಅಂದಿರಾ?"

"ಬಟ್ಟೆ ದೊಡ್ಡ ವಿಷಯ ಅಲ್ಲ ಅಂದ. ನೀನು ಇಪ್ಪತ್ತಾರು ವರ್ಷ ಇಲ್ಲಿ ಕೂತು ಮಾಡಿದ್ದು ಏನೂ ಅಲ್ಲ ಅನ್ನೋದಕ್ಕೆ ನಾನು ಹೂಂ ಅನ್ನಬೇಕಿತ್ತು."

"ಅನ್ನಬೇಕಿತ್ತು" ಎಂದಳು ಅಂಚಿನಕ್ಕ. "ನನ್ನ ಕೇಳಿದ್ದರೆ ನಾನೇ ಹೇಳ್ತಿದ್ದೆ, ಅನ್ನಿ ಅಂತ. ಮಾನ ನಿಮ್ಮ ಮನೇಲಿ ಬೇಯುತ್ತೆ, ನಮ್ಮ ಮನೇಲಿ ಬೇಯಲ್ಲ."

 

ಮೇಲ್ಮನವಿ ಹಾಕಿದರು. ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂತೆಂದು ಸುಂಕ ಕಟ್ಟಿ ಫ್ರೇಮುಗಳನ್ನು ಬಿಡಿಸಿಕೊಂಡರು. ಮೇಲಿನವರು ತೀರ್ಪು ಬದಲಿಸಿದರೆ ಕಟ್ಟಿದ್ದು ವಾಪಸ್ಸು ಬರುತ್ತಿತ್ತು, ಮುಂದಿನ ಸರಕಿಗೂ ದಾರಿಯಾಗುತ್ತಿತ್ತು. ಬರುವವರೆಗೆ ತಡೆದುಕೊಳ್ಳಬೇಕಿತ್ತು. ತಡೆಯಲಾಗಲಿಲ್ಲ. ಎಂಟು ತಿಂಗಳಲ್ಲಿ ಹದಿನಾರು ಜನ ಐದಾದರು. ಬಿಟ್ಟುಹೋದ ಹನ್ನೊಂದರಲ್ಲಿ ನಾಲ್ವರು ಹೆಂಗಸರು ಹೊರಗಿನ ಕೊಡೆ ತರಿಸುವ ವ್ಯಾಪಾರಿಯ ಗೋದಾಮಿಗೆ ಸೇರಿದರು. ಪೆಟ್ಟಿಗೆ ಒಡೆದು ಕೊಡೆಗಳಿಗೆ ಬೆಲೆಚೀಟಿ ಅಂಟಿಸುವುದು ಅವರ ಕೆಲಸ. ಒಪ್ಪಂದದಿಂದ ಹೊಸದಾಗಿ ಹುಟ್ಟಿದ ಉದ್ಯೋಗಗಳ ಸರ್ಕಾರಿ ವರದಿಯಲ್ಲಿ ಗೋದಾಮುಗಳ ಕೆಲಸವನ್ನೂ ಎಣಿಸಿದ್ದಾರೆ. ಆ ಒಟ್ಟು ಸಂಖ್ಯೆಯಲ್ಲಿ ಈ ನಾಲ್ವರೂ ಇದ್ದಾರೆ. ಹೋದ ಹನ್ನೊಂದನ್ನು ಎಣಿಸುವುದಕ್ಕೆ ಆ ವರದಿಯಲ್ಲಿ ಕಾಲಮ್ಮೇ ಇಲ್ಲ.

ದೊಡ್ಡಮ್ಮ ಆ ಹನ್ನೊಂದು ಮನೆಗೂ ಒಬ್ಬಳೇ ಹೋಗಿ ಬಂದಳು. ಮೇಲ್ಮನವಿಯ ವಿಚಾರಣೆಗೆ ನಾಲ್ಕು ದಿನ ಇರುವಾಗ, ಬಟ್ಟೆ ಹಾಸುತ್ತ ನನಗೆ ಹೇಳಿದಳು: "ಈ ಸಲ ಹೌದು ಅಂತೀನಿ."

"ಅನ್ನು ದೊಡ್ಡಮ್ಮ" ಎಂದೆ.

"ಅನ್ನು ಅಂತ ನೀನು ಹೇಳೋದು ಬೇಡ. ಅದೇ ನನಗೆ ಸಿಟ್ಟು. ನಲವತ್ತು ವರ್ಷ ಯಾರಿಗೂ ಮೋಸ ಮಾಡದೆ ಬದುಕಿದೆ. ಈಗ ಒಂದು ಸುಳ್ಳು ಹೇಳಿದರೆ ಕೂಳು, ಇಲ್ಲದಿದ್ದರೆ ಇಲ್ಲ. ಇದು ಎಂಥ ಕಾನೂನು?"

ಮೇಲಿನ ಕಚೇರಿ ಬೇರೆ ಕಟ್ಟಡದಲ್ಲಿತ್ತು. ಉದ್ದನೆಯ ಮೇಜು, ನೀರಿನ ಲೋಟಗಳಿಗೆ ಮುಚ್ಚಳ, ಗೋಡೆಯಲ್ಲಿ ನಿಂತುಹೋದ ಗಡಿಯಾರ. ಅಂಚಿನಕ್ಕ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು, ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಹಿರಿಯ ಅಧಿಕಾರಿ ವಕೀಲನ ವಾದವನ್ನೆಲ್ಲ ಕೇಳಿ, ಫ್ರೇಮನ್ನು ಬೆರಳಿನಿಂದ ತಿರುಗಿಸಿ, ಅದೇ ಪ್ರಶ್ನೆ ಕೇಳಿದ. ಇದು ಕೊಡೆ ಹೌದೇ?

"ಹೌದು" ಎಂದಳು ದೊಡ್ಡಮ್ಮ.

ವಕೀಲ ಕಣ್ಣು ಮುಚ್ಚಿ ಉಸಿರು ಬಿಟ್ಟ. ಅಧಿಕಾರಿ ಕಡತದ ಹಾಳೆಗಳನ್ನು ಹಿಂದಕ್ಕೆ ಮಗುಚಿದ. ಕನ್ನಡಕ ಏರಿಸಿ ಒಂದು ಹಾಳೆಯನ್ನು ನಿಧಾನವಾಗಿ ಓದಿದ.

"ಎಂಟು ತಿಂಗಳ ಹಿಂದೆ ಅಲ್ಲ ಅಂದಿದ್ದೀರಿ. ಆರು ಮಿಲಿಮೀಟರು ಅಂತ ವಿವರವಾಗಿ ಹೇಳಿದ್ದೀರಿ. ಇವತ್ತು ಹೌದು ಅಂತೀರಿ. ಎರಡರಲ್ಲಿ ಯಾವುದು ನಿಜ?"

ಅವಳು ಮತ್ತೊಂದು ಸಲ ಸುಳ್ಳು ಹೇಳಬಹುದಿತ್ತು. ಆಗ ತಪ್ಪಾಗಿ ತಿಳಿದಿದ್ದೆ, ವಯಸ್ಸಾಯಿತು, ಗಾಬರಿಯಾಗಿತ್ತು, ಇಂಥ ನೆಪಗಳನ್ನು ವಕೀಲ ದಾರಿಯುದ್ದಕ್ಕೂ ಅವಳಿಗೆ ಕಲಿಸಿದ್ದ. ಅವಳು ಬಾಯಿ ತೆರೆದದ್ದು ಅದಕ್ಕೇ ಎಂದು ನಾನು ಈಗಲೂ ನಂಬಿದ್ದೇನೆ.

"ಆವತ್ತು ಹೇಳಿದ್ದು ನಿಜ" ಎಂದಳು. "ಇವತ್ತು ಹೇಳಿದ್ದು ಹೊಟ್ಟೆಪಾಡು."

ಮೇಲ್ಮನವಿ ವಜಾ ಆಯಿತು. ಲಿಖಿತ ತೀರ್ಪು ಆಮೇಲೆ ಬರುತ್ತದೆಂದರು. ಅದಕ್ಕೆ ಕಾಯಬೇಕಾದ್ದೇನೂ ಇರಲಿಲ್ಲ. ವಕೀಲ ತನ್ನ ಎರಡೂ ಪೆನ್ನುಗಳನ್ನು ಜೇಬಿಗೆ ಸಿಕ್ಕಿಸಿಕೊಂಡು, "ನಾನು ಇನ್ನೇನು ಮಾಡಲಿ ಅಮ್ಮ" ಎಂದು ಹೊರಟುಹೋದ.

ಬೆಂಚಿನ ಮೇಲಿದ್ದ ಅಂಚಿನಕ್ಕ ಎದ್ದು ನಿಂತಳು. "ಏನಂದಿರಿ?"

"ಎರಡೂ ಅಂದೆ."

"ಎರಡೂ ಅಂದರೆ?"

"ಮೊದಲು ಹೌದು ಅಂದೆ. ಆಮೇಲೆ ಕೇಳಿದರು. ನಿಜ ಹೇಳಿಬಿಟ್ಟೆ."

ಅಂಚಿನಕ್ಕ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಒಬ್ಬ ಜವಾನ ಕಡತಗಳ ರಾಶಿ ಹೊತ್ತು ಬಂದ. ಇಬ್ಬರೂ ಗೋಡೆಗೆ ಒರಗಿ ಅವನಿಗೆ ದಾರಿ ಬಿಟ್ಟರು.

"ಹಾಗಾದರೆ ನಾಳೆ ಕೆಲಸಕ್ಕೆ ಬರಲಾ ಬೇಡವಾ?" ಎಂದಳು ಅಂಚಿನಕ್ಕ.

"ಬಾ" ಎಂದಳು ದೊಡ್ಡಮ್ಮ. "ಇನ್ನೂ ನೂರ ನಲವತ್ತು ಫ್ರೇಮು ಇದೆ. ಒಂಬತ್ತು ದಿನದ ಕೆಲಸ. ಅದಾದ ಮೇಲೆ ಬರಬೇಡ."